ಇಂಜಿನಿಯರಿಂಗ್ ಜೊತೆಗೆ ತತ್ವಶಾಸ್ತ್ರ, ರಾಜಕೀಯ ಚಿಂತನೆ ಓದೋದು ಹೇಗೆ: ತುಮಕೂರಿನ ಒಬ್ಬ ಇಸಿ (ಎಲೆಕ್ಟ್ರಾನಿಕ್ಸ್) ಹುಡುಗನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನಾನು ಎಂ-ತ್ರೀ, ಅಂದ್ರೆ ಮೂರನೇ ಸೆಮ್ಮಿನ ಗಣಿತ, ಬ್ಯಾಕ್ ಹೊಡ್ಕೊಂಡವ್ನು. ಇಂಟರ್ನಲ್ಸ್ ಇದ್ದ ವಾರಾನೇ ಪ್ಲೇಟೋನ ಹಿಡ್ಕೊಂಡು ಕೂತಿದ್ದೆ, ಅವ್ನೂ ನೆಟ್ಟಗೆ ತಲೆಗೆ ಹೋಗ್ಲಿಲ್ಲ, ಫೋರಿಯರ್ ಸೀರೀಸೂ ಕೈ ಕೊಡ್ತು. ಅಪ್ಪ ಮಾರ್ಕ್ಸ್ ಕಾರ್ಡ್ ನೋಡಿ "ಈ ಪ್ಲೇಟೋ ಯಾವ ಸೆಮ್ಮಿಗೆ ಬರ್ತಾನೆ?" ಅಂದ್ರು. ಉತ್ತರ ಇರ್ಲಿಲ್ಲ. ಅದಕ್ಕೇ ಕೆಳಗೆ ಹೇಳ್ತಿರೋದೆಲ್ಲ ಕೆಟ್ಟು ಕಲ್ತಿದ್ದು ಅನ್ಕೊಳ್ಳಿ.

ಎಲ್ರೂ ಎಲ್ಲಿ ಎಡವೋದು ಅಂದ್ರೆ ಯಾವ್ದಾದ್ರೂ ಒಂದು 'ವಾದ' ಹಿಡ್ಕೊಂಡು ಶುರು ಮಾಡ್ತಾರೆ. ಹತ್ತು ನಿಮಿಷದ ವಿಡಿಯೋ ನೋಡಿ ಕ್ಯಾಂಟೀನಲ್ಲಿ ಕಮ್ಯುನಿಸ್ಟ್ ಆಗೋದು, ಮುಂದಿನ್ ತಿಂಗ್ಳು ಇನ್ನೊಂದು ವಿಡಿಯೋ ನೋಡಿ ಅದಕ್ಕೆ ಉಲ್ಟಾ ಆಗೋದು. ಬೇಡ. ನಿಮ್ಮ ಲ್ಯಾಬಿಂದಾನೇ ಶುರು ಮಾಡಿ.

ಹೇಗೆ ಅಂದ್ರೆ, ನಮ್ಮ ಹಳೇ ತರ್ಕಶಾಸ್ತ್ರದ ಪಂಥ ನ್ಯಾಯದರ್ಶನದವ್ರು ನಮಗೆ ಯಾವ್ದಾದ್ರೂ ವಿಷ್ಯ ಹೇಗೆ ಗೊತ್ತಾಗತ್ತೆ ಅನ್ನೋದಕ್ಕೆ ನಾಲ್ಕು ದಾರಿ ಹೇಳ್ತಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಈಗ ಬ್ರೆಡ್‌ಬೋರ್ಡ್ ಮುಂದೆ ಕೂತಿದೀರ. ಸಿಗ್ನಲ್ ತೋರ್ಸೋ ಸಿಆರ್‌ಓ ಪರದೆ ಮೇಲೆ ವೇವ್‌ಫಾರ್ಮ್ ಇಲ್ಲ, ಅದು ಪ್ರತ್ಯಕ್ಷ. ಟ್ರಾನ್ಸಿಸ್ಟರ್ ಮುಟ್ಟಿದ್ರೆ ಕೈ ಸುಡ್ತಿದೆ, ಹಂಗಾದ್ರೆ ಎಲ್ಲೋ ಶಾರ್ಟ್ ಆಗಿದೆ ಅಂತೀರ, ಅದು ಅನುಮಾನ. ಡೇಟಾಶೀಟ್ ಹೇಳಿದ್ದನ್ನ ನಂಬೋದು ಶಬ್ದ. ಸೀನಿಯರ್ ಒಬ್ಬ "ನಿನ್ ಹತ್ರ ಇರೋ ಐಸಿ ಥರಾನೇ ಇರತ್ತೆ ಕಣೋ, ಕಾಲು ಮಾತ್ರ ಜಾಸ್ತಿ" ಅಂದಿದ್ದು ನೆನಪಿಟ್ಕೊಂಡು ಡ್ರಾಯರಲ್ಲಿ ಹುಡುಕಿ ಓ ಇದೇ ಅದು ಅಂತ ಗುರುತು ಹಿಡಿತೀರಲ್ಲ, ಅದೇ ಉಪಮಾನ. ಇನ್ನೂ ಮಜಾ ಏನಂದ್ರೆ ಸುಡೋದೆಲ್ಲ ಶಾರ್ಟ್ ಅಲ್ಲ, ಹೀಟ್‌ಸಿಂಕ್ ಇಲ್ದೇ ಇದ್ರೂ ಸುಡತ್ತೆ, ಹೀಗೆ ನೋಡೋಕೆ ಕಾರಣದ ಥರ ಇದ್ದು ಕೈ ಕೊಡೋದಕ್ಕೆ ಹೇತ್ವಾಭಾಸ ಅಂತ ಹೆಸರಿಟ್ಟು, ಅದ್ರಲ್ಲೂ ಬಗೆಬಗೆ ವಿಂಗಡಿಸಿ ಇಟ್ಟಿದಾರೆ. ಬೆಟ್ಟದ ಮೇಲೆ ಹೊಗೆ ಇದೆ, ಅಂದ್ರೆ ಬೆಂಕಿ ಇದೆ ಅನ್ನೋದು ಅವ್ರ ಹಳೇ ಉದಾಹರಣೆ, ಬೇಸಿಗೆಲಿ ದೇವರಾಯನದುರ್ಗದ ಕಡೆ ನೋಡ್ದಾಗೆಲ್ಲ ನಂಗೆ ಅದೇ ನೆನಪಾಗೋದು. ಇದನ್ನ ಓದಿದ್ಮೇಲೆ ನನ್ನ ಡೀಬಗ್ಗಿಂಗ್ ನಿಜವಾಗ್ಲೂ ಸುಧಾರಿಸ್ತು, ಸುಮ್ನೆ ಹೇಳ್ತಿಲ್ಲ.

ತಾಂತ್ರಿಕ ಓದಿಗೂ ಇದಕ್ಕೂ ಏನ್ ಸಂಬಂಧ ಅನ್ನೋರಿಗೆ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕಥೆ ಹೇಳಿ. ಬರ್ಲಿನ್ನಲ್ಲಿ ಮೆಕ್ಯಾನಿಕಲ್ ಓದಿ, ಮ್ಯಾಂಚೆಸ್ಟರಲ್ಲಿ ಏರೋನಾಟಿಕ್ಸ್ ಮಾಡ್ತಿದ್ದ, 1911ರಲ್ಲಿ ಪ್ರೊಪೆಲ್ಲರ್‌ಗೆ ಪೇಟೆಂಟೂ ಸಿಕ್ತು. ಅದ್ರ ಗಣಿತ ಮಾಡ್ತಾ ಮಾಡ್ತಾ ಗಣಿತದ ಬುಡ ಏನು ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿ ಅದೇ ವರ್ಷ ಕೇಂಬ್ರಿಡ್ಜಿಗೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹತ್ರ ಹೋದ. ನೀವು ಹೋಗ್ಬೇಡಿ, ಡಿಗ್ರಿ ಮುಗಿಸಿ.

ಇನ್ನು ರಾಜಕೀಯ ವಿಚಾರ. ಇದಕ್ಕೆ ನಮ್ಮ ಕಡೇಲಿ ಸಿಲಬಸ್ಸು ರೆಡಿಯಾಗೇ ಬಿದ್ದಿದೆ. ಸೆಪ್ಟೆಂಬರ್ 15ಕ್ಕೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಸೆಲ್ಫಿ ತಗೋತೀವಿ. ಅವ್ರು 1912ರಿಂದ ಮೈಸೂರಿನ ದಿವಾನರಾಗಿದ್ದೋರು, ಆ ಪದವಿ ಬಿಟ್ಟಿದ್ದು ಯಾಕೆ ಅಂತ ಯಾರೂ ಕೇಳಲ್ಲ. ಸರ್ಕಾರಿ ಕೆಲ್ಸದಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕೊಡೋ ವಿಚಾರದಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂತು, ಅರ್ಹತೆ ನೋಡಿ ಕೊಡ್ಬೇಕು ಅನ್ನೋದು ಇವ್ರ ವಾದ, 1918ರಲ್ಲಿ ಬಿಟ್ರು. ಅದೇ ವರ್ಷ ಈ ಪ್ರಾತಿನಿಧ್ಯದ ಪ್ರಶ್ನೆ ನೋಡೋಕೆ ಮಿಲ್ಲರ್ ಸಮಿತಿ ಕೂತ್ಕೊಳ್ತು, ಮಾರನೇ ವರ್ಷ ಪ್ರಾತಿನಿಧ್ಯ ಹೆಚ್ಚಿಸಿ ಅಂತ ವರದಿ ಕೊಡ್ತು. ಈಗ ಹಾಸ್ಟೆಲಲ್ಲಿ ರಾತ್ರಿ ಹನ್ನೆರಡು ಗಂಟೆಗೆ ಸಿಇಟಿ ರ‍್ಯಾಂಕು, ಮೆರಿಟ್ಟು, ಕೋಟಾ ಅಂತ ಜಗಳ ಆಗತ್ತಲ್ಲ, ನೂರು ವರ್ಷದ ಹಿಂದಿನ ಜಗಳ ಅದು. ಅದಕ್ಕೇ ಎರಡೂ ಕಡೆಯವ್ರದ್ದು ಓದಿ. ನನ್ನ ಅಭಿಪ್ರಾಯ ಮಿಲ್ಲರ್ ಕಡೆ, ಆದ್ರೆ ವಿಶ್ವೇಶ್ವರಯ್ಯನವರ ವಾದಾನ ಅವ್ರ ಅಭಿಮಾನಿ ಓದಿ "ಹೌದು, ಇದೇ ನಾವು ಹೇಳೋದು" ಅನ್ನೋ ಹಾಗೆ ನೋಟ್‌ಬುಕ್ಕಲ್ಲಿ ಬರೆಯೋಕೆ ಆಗೋವರ್ಗೂ ಆ ಅಭಿಪ್ರಾಯ ಬಾಯಿಬಿಟ್ಟು ಹೇಳೋದಿಲ್ಲ ಅಂತ ನಾನೇ ರೂಲ್ ಮಾಡ್ಕೊಂಡೆ. ಮೂರು ವಾರ ಹಿಡೀತು.

ಸಂವಿಧಾನ ನಮಗೆ ಒಂದೇ ಕ್ರೆಡಿಟ್ಟು, ಹಿಂದಿನ್ ರಾತ್ರಿ ಎಂಸಿಕ್ಯೂ ಪಿಡಿಎಫ್ ನೋಡಿ ಪಾಸಾಗ್ತೀವಿ. ಅದ್ರ ಬದ್ಲು ಅಂಬೇಡ್ಕರ್ 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಒಂದು ಓದಿ ಸಾಕು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ-ಆರ್ಥಿಕ ಬದುಕಲ್ಲಿ ಅಸಮಾನತೆ, ಈ ವೈರುಧ್ಯ ಹೊತ್ಕೊಂಡೇ ಹೊರಡ್ತಿದೀವಿ ಅಂತ ಅವತ್ತೇ ಎಚ್ಚರಿಸಿದ್ರು. ಸಭೆಯ ನಡಾವಳಿ ಆನ್‌ಲೈನಲ್ಲಿ ಫ್ರೀ ಇದೆ.

ಥರ್ಡ್ ಇಯರಲ್ಲಿ ಇಂಡಸ್ಟ್ರಿಯಲ್ ವಿಸಿಟ್ ಅಂತ ಪಾವಗಡ ಸೋಲಾರ್ ಪಾರ್ಕಿಗೆ ಹೋಗಿದ್ವಿ. 2,050 ಮೆಗಾವ್ಯಾಟು, 13,000 ಎಕರೆ ಹತ್ರ. ನಾವೆಲ್ಲ ಇನ್ವರ್ಟರ್ ಎಫಿಷಿಯನ್ಸಿ ಬರ್ಕೊಳ್ತಾ ಇದ್ವಿ. ಬೇಲಿ ಆಚೆ ಒಬ್ರು ಅಜ್ಜಿ ನಾಲ್ಕು ಮೇಕೆ ಹೊಡ್ಕೊಂಡು ಬೇಲಿ ಗುಂಟಾನೇ ಹೋಗ್ತಿದ್ರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡ್ಸಿದ್ವಿ, ಹೊಲ ಇಲ್ಲ ಅಂದ್ರು, ಮೊದ್ಲು ಬೇರೆಯವ್ರ ಹೊಲಕ್ಕೆ ಕೂಲಿಗೆ ಹೋಗ್ತಿದ್ರಂತೆ. ಅಲ್ಲಿ ಭೂಮಿ ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡಿದಾರೆ, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಂದ್ ಸಲ ಶೇಕಡಾ 5 ಏರಿಕೆ. ಐದೆಕರೆ ಇದ್ದೋರಿಗೆ ಮಳೆ ಬರ್ಲಿ ಬಿಡ್ಲಿ ವರ್ಷಕ್ಕೆ 1,05,000, ಬರದ ಸೀಮೆಲಿ ಅದು ಸಣ್ಣ ಮಾತಲ್ಲ. ಎಕರೆ ಇಲ್ದೋರಿಗೆ ಗುತ್ತಿಗೆ ಲೆಕ್ಕದಲ್ಲಿ ಸೊನ್ನೆ.

ವಾಪಸ್ ಬರ್ತಾ ಬಸ್ಸಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ನೆನಪಾದ. ಅವ್ನು 1971ರಲ್ಲಿ ಹೇಳಿದ್ದು ಇಷ್ಟೇ: ನೀವು ಯಾರಾಗಿ ಹುಟ್ತೀರ ಅಂತ ಗೊತ್ತಿಲ್ದೇ ನಿಯಮ ಮಾಡಿ ನೋಡಣ. ಐದೆಕರೆ ಗೌಡ್ರಾಗ್ತೀರೋ, ಆ ಅಜ್ಜಿ ಆಗ್ತೀರೋ, ಬೆಂಗ್ಳೂರಲ್ಲಿ ಆ ಕರೆಂಟಲ್ಲಿ ಎಸಿ ಹಾಕ್ಕೊಂಡು ಮಲಗೋರಾಗ್ತೀರೋ ಗೊತ್ತಿಲ್ಲ, ಈಗ ಗುತ್ತಿಗೆ ಕರಾರು ಬರೀರಿ. ಪುಸ್ತಕದಲ್ಲಿ ಎರಡು ಸಲ ಓದಿ ಆಕಳಿಸಿದ್ದ ವಿಚಾರ ಬಸ್ಸಲ್ಲಿ ನಿದ್ದೆ ಕೆಡಿಸ್ತು. ಕೋಲಾರದವ್ರು ಇದನ್ನೇ ಕೆಸಿ ವ್ಯಾಲಿ ನೀರಿನ ಮೇಲೆ ಮಾಡ್ಬಹುದು. ಬಿಓಡಿ, ಅಂದ್ರೆ ನೀರಲ್ಲಿರೋ ಕೊಳೆಯ ಅಳತೆ, ಎಷ್ಟಿದೆ ಅಂತ ಮೀಟರ್ ಹೇಳತ್ತೆ, ಬೆಂಗ್ಳೂರು ಬಳಸಿ ಶುದ್ಧ ಮಾಡಿ ಕಳ್ಸಿದ ನೀರು ಯಾರ ಕೆರೆಗೆ ಹೋಗ್ಬೇಕು ಅಂತ ಹೇಳಲ್ಲ. 'ಇದೆ' ಅನ್ನೋದ್ರಿಂದ 'ಆಗ್ಬೇಕು' ಅನ್ನೋದಕ್ಕೆ ಸುಮ್ನೆ ಜಿಗಿಯೋಕಾಗಲ್ಲ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1740ರಲ್ಲೇ ತಗಾದೆ ತೆಗೆದಿದ್ದ.

ಟೈಮ್ ಎಲ್ಲಿಂದ ಅಂತೀರ. ನಾನು ಇಂಟರ್ನ್‌ಶಿಪ್‌ಗೆ ಬೆಂಗ್ಳೂರಿಗೆ ರೈಲಲ್ಲಿ ಓಡಾಡ್ತಿದ್ದೆ, ಕ್ಯಾತ್ಸಂದ್ರದಲ್ಲಿ ಸೀಟ್ ಸಿಕ್ರೆ ದಾಬಸ್‌ಪೇಟೆ ಬರೋಷ್ಟ್ರಲ್ಲಿ ನಾಲ್ಕು ಪುಟ. ನಾಲ್ಕೇ. ಆಮೇಲೆ ಅದನ್ನ ಕನ್ನಡದಲ್ಲಿ ಮೂರು ಸಾಲು ಬರೀತಿದ್ದೆ, ಇಂಗ್ಲಿಷಲ್ಲಿ ಬರೆದ್ರೆ ಅರ್ಥ ಆಗ್ದಿದ್ರೂ ಅರ್ಥ ಆದಂಗೆ ಕಾಣತ್ತೆ, ಕನ್ನಡದಲ್ಲಿ ಮೋಸ ಸಿಕ್ಕಾಕ್ಕೊಳತ್ತೆ. ಪದ ಸಿಗ್ದಿದ್ರೆ ಮುಳಬಾಗಿಲಿನ ಡಿವಿಜಿ ಬರೆದ ರಾಜ್ಯಶಾಸ್ತ್ರದ ಪುಸ್ತಕ ತೆಗೀರಿ, ಮೆಟ್ರಿಕ್ಕೂ ಪಾಸಾಗ್ದೇ ಇದ್ದ ಮನುಷ್ಯ ಇದನ್ನೆಲ್ಲ ಕನ್ನಡದಲ್ಲಿ ಹೇಳೋದು ಹೇಗೆ ಅಂತ ತೋರಿಸ್ಕೊಟ್ಟಿದಾರೆ. ಬೇರೆ ಡೌಟಿಗೆ ಸ್ಟ್ಯಾನ್‌ಫರ್ಡ್‌ನವ್ರ ತತ್ವಶಾಸ್ತ್ರ ವಿಶ್ವಕೋಶ ಆನ್‌ಲೈನಲ್ಲಿ ಪುಕ್ಕಟೆ ಇದೆ. ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಫಿಲಾಸಫಿ ಕೋರ್ಸ್ ಇದಾವೆ. ಎಕ್ಸಾಮಿಗೆ ಮೂರು ವಾರ ಇದ್ದಾಗ ಪುಸ್ತಕ ಟ್ರಂಕಿಗೆ ಹಾಕಿ ಬೀಗ ಹಾಕಿ, ಕೀಲಿ ರೂಮ್‌ಮೇಟ್ ಕೈಗೆ.

ಒಬ್ರೇ ಓದ್ಬೇಡಿ, ತಲೆ ಕೆಡತ್ತೆ. ನಿಮ್ಮ ಮಾತು ಒಪ್ಪದೇ ಇರೋ ಒಬ್ಬ ಗೆಳೆಯ ಸಾಕು, ಗುಂಪು ಕಟ್ಟಿದ್ರೆ ಭಾಷಣ ಶುರುವಾಗತ್ತೆ. ನಂಗೆ ಸಿಕ್ಕವ್ನು ಸಿವಿಲ್ ಬ್ರಾಂಚಿನವ್ನು, ಪಾವಗಡದ ಕಡೆಯವ್ನೇ. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಒಂದು ಪ್ರಶ್ನೆ, ಎರಡನೇ ಕಾಫಿ ಮುಗಿಯೋವರ್ಗೂ. ಮೆಗಾವ್ಯಾಟಿಗೆ ಇಷ್ಟು ಅಂತ ಊರಿನ ಪ್ರತಿ ಮನೆಗೂ, ಹೊಲ ಇಲ್ದೋರಿಗೂ ಪಾಲು ಹೋಗ್ಬೇಕು ಅಂತ ನಾನು. "ಭೂಮಿ ನಮ್ದು, ಸಾಲ ನಮ್ದು, ಬತ್ತಿದ ಬೋರೂ ನಮ್ದೇ, ಪಾಲು ಮಾತ್ರ ಊರಿಗಾ? ನಿಂಗ್ ಮಾತಾಡೋಕೆ ಸಲೀಸೈತೆ ಕಣೋ" ಅಂತ ಅವ್ನು. ಹೋದ್ ವಾರಾನೂ ಮುಗೀಲಿಲ್ಲ. ಈ ಭಾನುವಾರ ಅವ್ರ ಚಿಕ್ಕಪ್ಪನ ಗುತ್ತಿಗೆ ಕರಾರಿನ ಜೆರಾಕ್ಸ್ ತರ್ತೀನಿ ಅಂದಿದಾನೆ.