ಕೊಬ್ಬರಿ ಹಿಡ್ಕೊಂಡು ದಿಲ್ಲಿ ಅಳೆದ ಕಥೆ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎಲೆಕ್ಷನ್ ವರ್ಷ ಬಂದರೆ ಅಂಗಡಿ ಮುಂದೆ ರಾಜಕೀಯ ಜಾಸ್ತಿ, ಜೆರಾಕ್ಸ್ ಕಮ್ಮಿ. 2019ರಲ್ಲಿ ನಾನೂ ಗಂಟಲು ಹರಿದುಕೊಂಡು ವಾದ ಮಾಡಿದವನೇ. ಮಾಜಿ ಪ್ರಧಾನಿ ದೇವೇಗೌಡರೇ ನಮ್ಮ ತುಮಕೂರು ಕ್ಷೇತ್ರದಲ್ಲಿ ನಿಂತು ಸೋತಿದ್ದ ವರ್ಷ ಅದು, ಮಾತಾಡದೆ ಇರೋಕೆ ಆಗ್ತಿತ್ತಾ? ಆದರೆ ವಾದ ಮಾಡಿ ಇಬ್ಬರು ಸ್ನೇಹಿತರನ್ನ ಕಳೆದುಕೊಂಡೆ, ಒಬ್ಬರ ವೋಟೂ ಬದಲಾಗಲಿಲ್ಲ.

2024ಕ್ಕೆ ಬೇರೆ ದಾರಿ ಹಿಡಿದೆ. ದೇಶದ ಭದ್ರತೆ, ವಿದೇಶಾಂಗ ನೀತಿ ಇವೆಲ್ಲ ನನಗೆ ಟಿವಿಯಲ್ಲಿ ಕೇಳಿದಷ್ಟೇ ಗೊತ್ತು. ಯಾರು ಸುಳ್ಳು ಹೇಳಿದರೂ ಹಿಡಿಯೋಕೆ ಆಗಲ್ಲ. ಕೊಬ್ಬರಿ ಮಾತ್ರ ಗೊತ್ತು. ಹುಟ್ಟಿದಾಗಿನಿಂದ ಅಟ್ಟದ ಮೇಲೆ ಕಾಯಿ ಒಣಗೋದನ್ನ ನೋಡಿದವನು, ಅಲ್ಲಾಡಿಸಿದರೆ ಗಡಗಡ ಅನ್ನುವ ಸದ್ದಲ್ಲೇ ಒಳಗೆ ಉಂಡೆ ಆಗಿದೆಯೋ ಇಲ್ಲವೋ ಹೇಳ್ತೀನಿ. ಹಾಗಾಗಿ ಈ ಸಲ ಯಾರೇ ದಿಲ್ಲಿ ಬಗ್ಗೆ ಮಾತಾಡಲಿ, ಕೊಬ್ಬರಿ ಮೇಲೆ ಇಟ್ಟು ಉಜ್ಜಿ ನೋಡೋಣ ಅಂತ ತೀರ್ಮಾನಿಸಿದೆ.

ಆ ವರ್ಷ ನಮ್ಮ ಕಡೆ ಬೇರೆ ಮಾತೂ ಇರಲಿಲ್ಲ ಬಿಡಿ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ, ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ಪಹಣಿ, ಆಧಾರ್, ಪಾಸ್‌ಬುಕ್ಕು, ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ಗುರುತಿನ ನಂಬರು) ಹಿಡಿದು ನೋಂದಣಿಗೆ ಓಡುವ ರೈತರು ಮೊದಲು ಬರೋದು ನನ್ನ ಅಂಗಡಿಗೇ. ನನಗೆ ವ್ಯಾಪಾರ, ಅವರಿಗೆ ಬಿಸಿಲು.

ಮೊದಲು ಮಾಡಿದ ಕೆಲಸ ಅಂದ್ರೆ, ಯಾವುದು ಯಾರ ಕೈಲಿದೆ ಅಂತ ಓದಿಕೊಂಡೆ. ರಾತ್ರಿ ಶಟರ್ ಅರ್ಧ ಎಳೆದು ಕೂತು ಲೋಕಸಭೆಯ ಪ್ರಶ್ನೋತ್ತರ, ಸರ್ಕಾರದ ಪ್ರಕಟಣೆ ಎಲ್ಲ ಹುಡುಕಿದೆ. ಶಿಫಾರಸು ಮಾಡೋದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ, ಬೆಲೆ ಒಪ್ಪೋದು ಕೇಂದ್ರ ಸಂಪುಟ. ಕೇಂದ್ರದ ಪರವಾಗಿ ಕೊಳ್ಳೋದು ನಾಫೆಡ್ ಅನ್ನೋ ಸಹಕಾರಿ ಸಂಸ್ಥೆ. ಆದರೆ ಕೊಳ್ಳಿ ಅಂತ ಪ್ರಸ್ತಾವ ಕಳಿಸೋದು, ಖರೀದಿ ಕೇಂದ್ರ ತೆರೆಯೋದು, ಹೆಸರು ಬರೆಸಿಕೊಳ್ಳೋದು ರಾಜ್ಯದ ಕೆಲಸ. ಸಂಸತ್ತಲ್ಲಿ ಎದ್ದು ಕೇಳಬೇಕಾದವರು ಸಂಸದರು. ಇಷ್ಟು ಓದೋಕೆ ನನಗೆ ನಾಲ್ಕು ರಾತ್ರಿ ಬೇಕಾಯ್ತು. ಟಿವಿ ಚರ್ಚೆಯಲ್ಲಿ ಇದನ್ನ ನಾಲ್ಕು ನಿಮಿಷವೂ ಹೇಳಲ್ಲ, ಅದು ನನ್ನ ಸಿಟ್ಟು.

ಪ್ರಚಾರಕ್ಕೆ ಬಂದ ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ ಕೇಳಿದೆ. ‘ಅಣ್ಣಾ, ಕೊಬ್ಬರಿ ವಿಷಯದಲ್ಲಿ ದಿಲ್ಲಿಯಲ್ಲಿ ಏನು ಕೇಳ್ತೀರಿ?’ ಒಬ್ಬರು ‘ರಾಜ್ಯದವರೇ ಪ್ರೋತ್ಸಾಹ ಧನ ಜಾಸ್ತಿ ಕೊಡಲಿ’ ಅಂದರು. ಇನ್ನೊಬ್ಬರು ‘ಎಲ್ಲ ಕೇಂದ್ರದ್ದೇ ತಪ್ಪು’ ಅಂದರು. ಇಬ್ಬರೂ ಅರ್ಧ ನಿಜ ಹೇಳಿದರು, ತಮಗೆ ಬೇಕಾದ ಅರ್ಧ. ಒಬ್ಬ ಹುಡುಗ ಮಾತ್ರ ‘ನಂಗೆ ಗೊತ್ತಿಲ್ಲ ಅಣ್ಣ, ಕೇಳಿ ಹೇಳ್ತೀನಿ’ ಅಂದ. ತಿರುಗಿ ಬರಲಿಲ್ಲ. ಆದರೂ ಅವನ ಮೇಲೇ ನನಗೆ ಪ್ರೀತಿ.

ಲೆಕ್ಕದ ವಿಷಯಕ್ಕೆ ಬಂದರೆ ನಮ್ಮ ಮಾವನ್ನ ಮೀರಿಸೋರಿಲ್ಲ. ಕೆಟ್ಟುಹೋದ ಜೆರಾಕ್ಸ್ ಹಾಳೆಯ ಹಿಂದೆ ಬರೆದರು. ಹತ್ತು ಕ್ವಿಂಟಾಲ್ ಕೊಬ್ಬರಿ, ಕ್ವಿಂಟಾಲ್‌ಗೆ ಬರೀ ಎರಡು ಸಾವಿರ ಕಮ್ಮಿ ಸಿಕ್ಕಿತು ಅಂತಿಟ್ಟುಕೊಂಡರೂ ಹೋಗಿದ್ದು ಇಪ್ಪತ್ತು ಸಾವಿರ. ಅತ್ತೆಯ ಗೃಹಲಕ್ಷ್ಮಿ ತಿಂಗಳಿಗೆ 2,000, ಕಿಸಾನ್ ಸಮ್ಮಾನ್ ವರ್ಷಕ್ಕೆ 6,000. ‘ನೋಡಪ್ಪಾ, ಏಳು ತಿಂಗಳ ಗೃಹಲಕ್ಷ್ಮಿ, ಒಂದು ವರ್ಷದ ಕಿಸಾನ್ ಸಮ್ಮಾನ್. ಎರಡೂ ಸೇರಿಸಿ ಇಲ್ಲೇ ಜಮಾ ಖರ್ಚು ಆಗೋಯ್ತು’ ಅಂತ ಪೆನ್ನು ಮುಚ್ಚಿದರು. ಆ ಹಾಳೆಯನ್ನ ಕೌಂಟರ್ ಗ್ಲಾಸಿನ ಕೆಳಗೆ ಇಟ್ಟೆ. ಎರಡೂ ಪಕ್ಷದವರು ಓದಿ ನಕ್ಕರು. ಯಾರೂ ತಪ್ಪು ಅನ್ನಲಿಲ್ಲ.

ಅಭ್ಯರ್ಥಿಗಳ ಅಫಿಡವಿಟ್ಟೂ ಪ್ರಿಂಟ್ ತೆಗೆದು ನೇತುಹಾಕಿದ್ದೆ. ಜನ ಆಸ್ತಿ ಪುಟ ಒಂದನ್ನೇ ನೋಡಿ ಬಾಯಿ ಬಿಡ್ತಿದ್ದರು, ಕೇಸಿನ ಪುಟ ತಿರುಗಿಸುವವರು ಕಮ್ಮಿ. ಅದೊಂದು ಪ್ರಯತ್ನ ಸುಮ್ನೆ ಹಾಳೆ ಖರ್ಚಾಯ್ತು.

ಏಪ್ರಿಲ್ 26, ಶುಕ್ರವಾರ. ಸ್ಕೂಲಿನ ಕೋಣೆಯಲ್ಲಿ ಬಟನ್ ಒತ್ತಿದೆ. ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ನಿಲ್ಲುತ್ತೆ. 2019ರಲ್ಲಿ ಅದನ್ನ ನೋಡದೆ ಹೊರಗೆ ಬಂದಿದ್ದೆ, ಈ ಸಲ ಬೀಳೋವರೆಗೂ ನೋಡಿದೆ. ಯಾರಿಗೆ ಹಾಕಿದೆ ಅಂತ ಕೇಳಬೇಡಿ. ಕೊಬ್ಬರಿ ಪ್ರಶ್ನೆಗೆ ಯಾರೂ ಪಾಸಾಗಲಿಲ್ಲ ನಿಜ, ಆದರೆ ಒಬ್ಬರು ಇನ್ನೊಬ್ಬರಿಗಿಂತ ಕಮ್ಮಿ ಫೇಲಾಗಿದ್ದರು. ನೋಟಾ ಒತ್ತೋಕೆ ಮನಸ್ಸು ಬರಲಿಲ್ಲ. ಕೋಪ ಬಂತು ಅಂತ ಸಂತೆಗೇ ಹೋಗದಿದ್ದರೆ ಮನೆಯಲ್ಲಿ ಸಾರಾಗಲ್ಲ.

ಜೂನ್ 4ಕ್ಕೆ ಬಿಜೆಪಿ 240ಕ್ಕೆ ನಿಂತಿತು. ಬಹುಮತಕ್ಕೆ 272 ಬೇಕು, ಹಾಗಾಗಿ ಮಿತ್ರರ ಜೊತೆ ಸೇರಿ ಸರ್ಕಾರ ಆಯ್ತು. ನಮ್ಮ ಕ್ಷೇತ್ರದಲ್ಲಿ ಗೆದ್ದ ವಿ. ಸೋಮಣ್ಣ ರೈಲ್ವೆ ರಾಜ್ಯ ಸಚಿವರಾದರು. ಅವತ್ತಿನಿಂದ ಅಂಗಡಿ ಮುಂದೆ ಬರೀ ರೈಲಿನ ಮಾತು, ಕೊಬ್ಬರಿ ಯಾರಿಗೂ ನೆನಪಿಲ್ಲ.

ನಾನು ಮಾತ್ರ ಡಿಸೆಂಬರ್‌ಗೆ ಕಾಯ್ತಿದ್ದೆ. ಮುಂದಿನ ವರ್ಷದ ಬೆಂಬಲ ಬೆಲೆ ಪ್ರಕಟವಾಯ್ತು. ಎಣ್ಣೆ ತೆಗೆಯುವ ಕೊಬ್ಬರಿಗೆ 422 ರೂಪಾಯಿ ಏರಿಕೆ, ನಮ್ಮ ಉಂಡೆ ಕೊಬ್ಬರಿಗೆ 100. ಪ್ರಿಂಟ್ ತೆಗೆದು ಮಾವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಒಂದು ಸೊನ್ನೆ ನಿನ್ನ ಮೆಷಿನ್ ತಿಂದುಬಿಟ್ಟಿದೆಯೇನೋ, ಇನ್ನೊಂದ್ಸಲ ತೆಗಿ’ ಅಂದರು.