ದತ್ತು ಮಗುವಿನ ಜೊತೆ ವಿಮಾನ ಹತ್ತುವ ಮುನ್ನ ಡಾಕ್ಟರ ಬಳಿ

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡದ ದಂಪತಿ ಭಾರತದಿಂದ ಮಗುವನ್ನು ದತ್ತು ತೆಗೆದುಕೊಳ್ಳುವ ಹೊತ್ತಿಗೆ ಕಾಗದಪತ್ರಗಳ ವಿಷಯದಲ್ಲಿ ಪಳಗಿಬಿಟ್ಟಿರುತ್ತಾರೆ. ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ, ಅದರ ಕೇರಿಂಗ್ಸ್ ಪೋರ್ಟಲ್, ಅದು ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ದೇಶದಿಂದ ದೇಶಕ್ಕೆ ದತ್ತು ಕೊಡುವ ಕುರಿತ ಹೇಗ್ ಒಪ್ಪಂದ ಎಲ್ಲ ಬಾಯಿಪಾಠ. ಆದರೆ ಮಗು ಕೈಗೆ ಬಂದ ರಾತ್ರಿಯೇ ಜ್ವರ ಬಂದರೆ ಎಲ್ಲಿಗೆ ಓಡಬೇಕು ಅನ್ನುವುದು ಗೊತ್ತಿರುವುದಿಲ್ಲ. ನೀವು ಇಲ್ಲೇ ಹುಟ್ಟಿ ಬೆಳೆದವರಿರಬಹುದು. ಆಸ್ಪತ್ರೆಯ ಮಟ್ಟಿಗೆ ಮಾತ್ರ ಹೊರದೇಶದಿಂದ ಬಂದವರೇ. ನಿಮ್ಮ ಡಾಕ್ಟರು, ನಿಮ್ಮ ವಿಮೆ ಎರಡೂ ಸಮುದ್ರದಾಚೆ ಇವೆ. ಮಗು ಬೆಂಗಳೂರಿನದೇ ಆಗಬೇಕೆಂದೂ ಇಲ್ಲ. ಪುಣೆಯೋ ಭುವನೇಶ್ವರವೋ ಆಗಬಹುದು.

ಈ ಅವಧಿಯಲ್ಲಿ ಮಗುವನ್ನು ಮೂರು ಕಡೆ ತೋರಿಸಬೇಕು. ಒಂದು ಇಲ್ಲಿನ ಮಕ್ಕಳ ಡಾಕ್ಟರಿಗೆ, ಇನ್ನೊಂದು ವೀಸಾ ತಪಾಸಣೆಗೆ, ಮತ್ತೊಂದು ಅಮೆರಿಕ ತಲುಪಿದ ಮೇಲೆ. ಹೇಗೂ ವೀಸಾ ತಪಾಸಣೆ ಆಗುತ್ತದಲ್ಲ ಅಂತ ಎಷ್ಟೋ ಜನ ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಬಿಡಬಾರದ್ದು ಅದೇ. ಮಗುವಿನ ಹಿಂದಿನ ಕಥೆ ಗೊತ್ತಿರುವ ಜನ ಇರುವುದು ಇಲ್ಲಿ ಮಾತ್ರ. ವಿಮಾನ ಹತ್ತಿದ ಮೇಲೆ ಅವರನ್ನು ಕೇಳಲು ಆಗುವುದಿಲ್ಲ.

1. ಮಗುವನ್ನು ನೋಡುವ ಮೊದಲೇ ಫೈಲ್ ಓದಿಸಿ

ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ತಪಾಸಣೆ ವರದಿ ನಿಮಗೆ ಮೊದಲೇ ಸಿಗುತ್ತವೆ. ಅವನ್ನು ನಿಮ್ಮ ನಂಬಿಕೆಯ ಡಾಕ್ಟರಿಗೆ ತೋರಿಸಿ. ಅಮೆರಿಕದ ಕೆಲವು ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಹೊರದೇಶದಿಂದ ದತ್ತು ಬಂದ ಮಕ್ಕಳಿಗೆಂದೇ ಕ್ಲಿನಿಕ್ ಇರುತ್ತದೆ. ಅಲ್ಲಿಯವರಿಗೆ ಇಂಥ ವರದಿ ಓದಿ ಅಭ್ಯಾಸ.

ತೂಕ, ಉದ್ದ, ತಲೆಯ ಸುತ್ತಳತೆ ಒಂದೇ ಸಲ ಅಳೆದದ್ದಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬೇರೆ ಬೇರೆ ತಿಂಗಳ ಅಳತೆ ಕೇಳಿ ತರಿಸಿಕೊಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ಬೆಳವಣಿಗೆಯನ್ನು ಆ ವಾರಗಳನ್ನು ಕಳೆದು ನೋಡಬೇಕು.

ಎಚ್‌ಐವಿ ಪರೀಕ್ಷೆಯ ಸಾಲು ನೋಡಿ ಗಾಬರಿಯಾಗಬೇಡಿ. ಒಂದೂವರೆ ವರ್ಷದೊಳಗಿನ ಮಗುವಿನ ರಕ್ತದಲ್ಲಿ ಹೆತ್ತ ತಾಯಿಯಿಂದ ಬಂದ ಪ್ರತಿಕಾಯಗಳೇ ಇರಬಹುದು. ಹಾಗಾಗಿ ಮಾಮೂಲಿ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಮಗುವಿಗೆ ಸೋಂಕು ಇದೆ ಅಂತ ಅರ್ಥವಲ್ಲ. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದ್ದಾರಾ, ಯಾವಾಗ ಮಾಡಿದ್ದು ಅಂತ ಕೇಳಿ.

2. ವಿಮೆ ಮತ್ತು ಸಹಿ

ಅಮೆರಿಕದಲ್ಲಿ ಕೆಲಸದ ಕಡೆಯಿಂದ ಬಂದ ವಿಮೆಗೆ ದತ್ತು ಮಗುವನ್ನು ಸೇರಿಸಲು ಸಾಮಾನ್ಯವಾಗಿ 30 ದಿನ ಸಮಯ ಇರುತ್ತದೆ. ಮನೆಗೆ ಹಿಂತಿರುಗಿದ ಮೇಲೆ ನೋಡೋಣ ಅಂದರೆ ತಡವಾಗಿಬಿಡಬಹುದು. ಭಾರತದ ಆಸ್ಪತ್ರೆಯ ಖರ್ಚು ಅದರಲ್ಲಿ ಬರುತ್ತದಾ ಅಂತಲೂ ಹೊರಡುವ ಮೊದಲೇ ಕೇಳಿಕೊಳ್ಳಿ.

2022ರಿಂದ ದತ್ತು ಆದೇಶ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ ಕಚೇರಿ. ಎನ್‌ಒಸಿ ಬಂದ ಮೇಲೆ, ಆದೇಶಕ್ಕೆ ಕಾಯುತ್ತಿರುವಾಗಲೇ ಮಗು ನಿಮ್ಮ ಜೊತೆ ಇರಬಹುದು. ಆಗ ಮಗುವನ್ನು ನಿಮಗೆ ಒಪ್ಪಿಸಿದ ಪತ್ರದ ನಕಲು ಸದಾ ಚೀಲದಲ್ಲಿರಲಿ. ಅಡ್ಮಿಟ್ ಮಾಡಬೇಕಾಗಿ ಬಂದರೆ ಸಹಿ ಯಾರು ಹಾಕಬೇಕು, ರಾತ್ರಿ ಹೊತ್ತು ದತ್ತು ಕೇಂದ್ರದ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಮೊದಲ ದಿನವೇ ಬರೆದುಕೊಳ್ಳಿ.

3. ಆಯಾ ಹತ್ತಿರ ಕೂತು ಮಾತಾಡಿ

ಇದಕ್ಕೆ ಅರ್ಧ ದಿನ ಬೇಕಾದರೂ ಇಡಿ. ಫೈಲಿನಲ್ಲಿ ಇಲ್ಲದ್ದು ಕೇಂದ್ರದಲ್ಲಿ ಮಗುವನ್ನು ನೋಡಿಕೊಂಡ ಆಯಾಗೆ ಗೊತ್ತಿರುತ್ತದೆ. ಯಾವ ಹಾಲುಪುಡಿ, ಎಷ್ಟು ನೀರಿಗೆ ಎಷ್ಟು ಚಮಚ, ಎಷ್ಟು ಹೊತ್ತಿಗೊಮ್ಮೆ, ಬಾಟಲಿನಲ್ಲೋ ಒಳಲೆಯಲ್ಲೋ. ರಾಗಿ ಸರಿಯಂಥದ್ದು ತಿನ್ನಿಸಲು ಶುರು ಮಾಡಿದ್ದಾರಾ. ಮಗು ಬೆನ್ನ ಮೇಲೆ ಮಲಗುತ್ತದಾ, ತೊಟ್ಟಿಲು ತೂಗಬೇಕಾ. ಹಿಂದೆ ಯಾವ ಔಷಧಿ ಕೊಟ್ಟಾಗ ಮೈಮೇಲೆ ಗಂಧೆ ಎದ್ದಿತ್ತು. ಯಾವ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಕೋಣೆಯಲ್ಲಿರುವ ಬೇರೆ ಮಕ್ಕಳಿಗೆ ಈಗ ಭೇದಿಯೋ ಕಜ್ಜಿಯೋ ಇದೆಯಾ. ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಕಜ್ಜಿ ಮಗುವಿನಿಂದ ನಿಮಗೂ ಅಂಟುತ್ತದೆ, ಎಲ್ಲರೂ ಒಟ್ಟಿಗೇ ಮುಲಾಮು ಹಚ್ಚಿಕೊಳ್ಳಬೇಕಾಗುತ್ತದೆ.

ಭಾಷೆ ಬರದಿದ್ದರೆ ಕೇಂದ್ರದ ಸಮಾಜ ಕಾರ್ಯಕರ್ತರನ್ನು ಜೊತೆಗೆ ಕೂರಿಸಿಕೊಳ್ಳಿ. ಹಾಲುಪುಡಿ ಡಬ್ಬಿಯ ಫೋಟೊ ತೆಗೆದುಕೊಂಡು ಅದನ್ನೇ ಒಂದೆರಡು ಡಬ್ಬಿ ಜಾಸ್ತಿ ಕೊಳ್ಳಿ. ಅಮೆರಿಕದ ಹಾಲುಪುಡಿಗೆ ಬದಲಾಯಿಸುವುದನ್ನು ಊರು ಸೇರಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಮಾಡಿದರಾಯಿತು. ಮನೆ ಹೊಸದು, ಮುಖಗಳು ಹೊಸವು. ಹಾಲಿನ ರುಚಿಯೂ ಅದೇ ದಿನ ಬದಲಾಗುವುದು ಬೇಡ.

4. ಇಲ್ಲಿನ ಮಕ್ಕಳ ಡಾಕ್ಟರ ಬಳಿ

ಮಗು ಕೈಗೆ ಬಂದ ಒಂದೆರಡು ದಿನದಲ್ಲೇ ಹೋಗಿ, ಕಾಯಿಲೆ ಇಲ್ಲದಿದ್ದರೂ ಸರಿ. ನಂಟರು ಹೇಳಿದ ಡಾಕ್ಟರಾದರೆ ಒಳ್ಳೆಯದು. ರಾತ್ರಿ ತುರ್ತು ವಿಭಾಗ ತೆರೆದಿರುವ ಆಸ್ಪತ್ರೆಯಲ್ಲಿ ಕೂರುವವರಾದರೆ ಇನ್ನೂ ಒಳ್ಳೆಯದು.

ಮೊದಲ ಪ್ರಶ್ನೆಯೇ ಕೈಕೊಡುತ್ತದೆ. ‘ಹೆರಿಗೆ ನಾರ್ಮಲ್ಲಾ, ಸಿಸೇರಿಯನ್ನಾ? ಎದೆಹಾಲು ಎಷ್ಟು ದಿನ ಕೊಟ್ರಿ?’ ಹೊರಗೆ ಕೂತ ನರ್ಸ್ ಇದನ್ನು ಎಲ್ಲರೆದುರು ಕೇಳಬಹುದು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ದತ್ತು ಮಗು, ವಿವರ ಡಾಕ್ಟರ ಹತ್ತಿರ ಹೇಳುತ್ತೇವೆ’ ಎಂದುಬಿಡಿ. ಒಳಗೆ ಹೋದ ಮೇಲೆ ಏನನ್ನೂ ಮುಚ್ಚಿಡಬೇಡಿ, ಗೊತ್ತಿಲ್ಲದ್ದನ್ನು ಊಹಿಸಿಯೂ ಹೇಳಬೇಡಿ. ಕುಟುಂಬದಲ್ಲಿ ಆಸ್ತಮಾ ಇದೆಯಾ ಅಂತ ಕೇಳಿದರೆ ನಿಮ್ಮ ಮನೆಯದನ್ನು ಹೇಳಿ ಪ್ರಯೋಜನ ಇಲ್ಲ, ಅಲ್ವಾ?

ಬಟ್ಟೆ ಪೂರ್ತಿ ಬಿಚ್ಚಿ ತಲೆಯಿಂದ ಪಾದದವರೆಗೆ ನೋಡಲು ಹೇಳಿ. ಹೃದಯ, ಸೊಂಟದ ಕೀಲು, ಕಣ್ಣು, ಕಿವಿ, ಚರ್ಮ. ನಮ್ಮ ಕಡೆಯ ಬಹಳಷ್ಟು ಕೂಸುಗಳಿಗೆ ಬೆನ್ನಿನ ಕೆಳಗೆ, ಅಂಡಿನ ಮೇಲೆ ನೀಲಿ ಮಚ್ಚೆ ಇರುತ್ತದೆ. ದೊಡ್ಡವರಾಗುತ್ತ ಅದು ತಾನಾಗಿಯೇ ಮಾಸುತ್ತದೆ. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮೆರಿಕದ ಡೇಕೇರ್‌ನಲ್ಲಿ ಅದನ್ನು ನೋಡಿದವರು ಮಗುವಿಗೆ ಯಾರೋ ಹೊಡೆದಿದ್ದಾರೆ ಅಂದುಕೊಳ್ಳುವ ಸಂಭವ ಇದೆ. ಮಚ್ಚೆ ಎಲ್ಲೆಲ್ಲಿದೆ ಅಂತ ಡಾಕ್ಟರ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ, ಫೋಟೊ ಕೂಡ ಇಟ್ಟುಕೊಳ್ಳಿ.

ಚುಚ್ಚುಮದ್ದಿನ ಕಾರ್ಡಿನ ಮೂಲಪ್ರತಿ ಕೇಂದ್ರದಿಂದ ತೆಗೆದುಕೊಳ್ಳಿ. ಪ್ರತಿ ಲಸಿಕೆಯ ಎದುರು ತಾರೀಕು ಇರಲಿ. ಸುಮ್ನೆ ಟಿಕ್ ಹಾಕಿದ್ದರೆ ಅಮೆರಿಕದಲ್ಲಿ ಅದಕ್ಕೆ ಬೆಲೆ ಇಲ್ಲ. ಎಡತೋಳಿನ ಮೇಲಿರುವ ಬಿಸಿಜಿ (ಕ್ಷಯದ ಲಸಿಕೆ) ಗುರುತನ್ನೂ ಬರೆಸಿ. ಅಮೆರಿಕದಲ್ಲಿ ಮಕ್ಕಳಿಗೆ ಬಿಸಿಜಿ ಹಾಕುವ ಪದ್ಧತಿ ಇಲ್ಲ.

5. ನಡುವೆ ಹುಷಾರು ತಪ್ಪಿದರೆ

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಉಸಿರಾಟ ಜೋರಾಗಿದೆ ಅನಿಸಿದರೆ, ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50 ಮುಟ್ಟಿದರೆ ಆಸ್ಪತ್ರೆಗೆ ಹೊರಡಿ. ಭೇದಿಯಾಗುತ್ತಿರುವಾಗ ನೆತ್ತಿ ಕುಳಿ ಬಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ, ಆರೆಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ ಆಗಲೂ ಅಷ್ಟೇ. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108.

ಪ್ಯಾರಾಸಿಟಮಾಲ್ ವಿಷಯದಲ್ಲಿ ಜಾಸ್ತಿ ಜಾಗ್ರತೆ ಬೇಕು. ಇಲ್ಲಿ ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ ಇರುತ್ತದೆ. ಅಮೆರಿಕದಿಂದ ನೀವು ತಂದ ಬಾಟಲಿನಲ್ಲಿ 5 ಮಿಲಿಗೆ 160, ಅಂದರೆ 1 ಮಿಲಿಗೆ 32. ಅಲ್ಲಿನ ಮಿಲಿ ಲೆಕ್ಕವನ್ನು ಇಲ್ಲಿನ ಡ್ರಾಪ್ಸ್‌ಗೆ ಹಾಕಿದರೆ ಮಗುವಿನ ಹೊಟ್ಟೆಗೆ ಮೂರು ಪಟ್ಟು ಔಷಧಿ ಹೋಗುತ್ತದೆ. ಬಾಟಲನ್ನೇ ಡಾಕ್ಟರ ಮುಂದಿಟ್ಟು, ಮಗುವಿನ ತೂಕಕ್ಕೆ ಎಷ್ಟು ಮಿಲಿ ಅಂತ ಅದರ ಮೇಲೇ ಬರೆಸಿಕೊಳ್ಳಿ. ನೆಗಡಿಗೆ ಮೆಡಿಕಲ್ ಶಾಪಿನವರು ಕೊಟ್ಟ ಸಿರಪ್ ಬೇಡವೇ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಇನ್ನು ಮನೆಯ ಹಿರಿಯರು. ಮೊಮ್ಮಗು ಬಂದ ಸಂಭ್ರಮದಲ್ಲಿ ಅಜ್ಜಿ ಬಜೆ ತೇಯುತ್ತಾರೆ, ನಾಲಿಗೆಗೆ ಜೇನು ನೆಕ್ಕಿಸುತ್ತಾರೆ, ಕಣ್ಣಿಗೆ ಕಪ್ಪು ಹಚ್ಚುತ್ತಾರೆ. ವರ್ಷ ತುಂಬುವವರೆಗೆ ಜೇನು ಬೇಡ, ಬೊಟುಲಿಸಂ ಅನ್ನುವ ಅಪಾಯ ಇದೆ. ಕಣ್ಣುಕಪ್ಪಿನಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿಯೇ ನೋಡುತ್ತಾರೆ. ಅಜ್ಜಿಗೆ ಬೇಜಾರಾಗದ ಹಾಗೆ ‘ಡಾಕ್ಟರು ಬೇಡ ಅಂದಿದ್ದಾರೆ ಅಮ್ಮ’ ಅನ್ನಿ. ಹೇಗೂ ಅವರು ಅನ್ನುವುದೂ ಅದನ್ನೇ.

6. ವೀಸಾ ತಪಾಸಣೆ

ಇದನ್ನು ಮಾಡುವುದು ಅಮೆರಿಕದ ರಾಯಭಾರ ಕಚೇರಿ ಗುರುತಿಸಿದ ಡಾಕ್ಟರು ಮಾತ್ರ. ನಿಮ್ಮ ಮಕ್ಕಳ ಡಾಕ್ಟರು ಎಷ್ಟೇ ಹೆಸರು ಮಾಡಿದ್ದರೂ ನಡೆಯುವುದಿಲ್ಲ. ಕ್ಷಯದಂಥ ಅಂಟುರೋಗ ಇದೆಯಾ, ವೀಸಾ ಕೊಡಲು ಅಡ್ಡಿ ಇದೆಯಾ ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದೆಯಾ, ಕಿವಿ ಸರಿಯಾಗಿ ಕೇಳುತ್ತದಾ ಅನ್ನುವುದು ಅವರ ಕೆಲಸವಲ್ಲ. ‘ಮೆಡಿಕಲ್ ಪಾಸಾಯಿತು’ ಅಂತ ನಿರಾಳವಾಗಬೇಡಿ.

ಎರಡು ವರ್ಷದೊಳಗಿನ ಮಗುವಿಗೆ ರೋಗದ ಲಕ್ಷಣ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಕ್ಷಯದ ರಕ್ತ ಪರೀಕ್ಷೆ ಇರುವುದಿಲ್ಲ. ಲಸಿಕೆ ಬಾಕಿ ಇದ್ದರೂ ವೀಸಾ ನಿಲ್ಲಬೇಕಿಲ್ಲ. ಹತ್ತು ವರ್ಷದವರೆಗಿನ ದತ್ತು ಮಕ್ಕಳಿಗೆ ವಿನಾಯಿತಿ ಇದೆ. ಅಮೆರಿಕ ಸೇರಿದ 30 ದಿನದೊಳಗೆ ಹಾಕಿಸುತ್ತೇವೆ ಅಂತ ತಂದೆತಾಯಿ ಡಿಎಸ್-1981 ಅನ್ನುವ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು.

7. ವಿಮಾನದಲ್ಲಿ

ಫೈಲ್ ಮತ್ತು ಔಷಧಿ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. ವಿಮಾನ ಇಳಿಯುವಾಗ ಬಾಟಲು ಚೀಪಿಸಿದರೆ ಕಿವಿ ನೋವು ಕಡಿಮೆ. ಹೊರಡುವ ಹಿಂದಿನ ದಿನ ನೆಗಡಿ ಜ್ವರ ಇದ್ದರೆ ಡಾಕ್ಟರಿಗೆ ಇನ್ನೊಮ್ಮೆ ತೋರಿಸಿ.

8. ಅಮೆರಿಕ ತಲುಪಿದ ಮೇಲೆ

ಎರಡು ಮೂರು ವಾರದೊಳಗೆ ಪೂರ್ತಿ ತಪಾಸಣೆ ಆಗಬೇಕು. ಭಾರತದಿಂದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ದತ್ತು ಮಗು ಅಂತ ಹೇಳಿ ಉದ್ದದ ಸಮಯ ಕೇಳಿ. ರಕ್ತಹೀನತೆ, ಸೀಸ, ಥೈರಾಯ್ಡ್, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಮಲದಲ್ಲಿ ಹುಳು, ಎಲ್ಲ ನೋಡುತ್ತಾರೆ. ಇಲ್ಲಿ ಮಾಡಿಸಿದ್ದೇ ಆದರೂ ಮತ್ತೆ ಮಾಡಿಸಲು ಹೇಳಿದರೆ ಒಪ್ಪಿಕೊಳ್ಳಿ. ಚರ್ಮಕ್ಕೆ ಚುಚ್ಚಿ ಮಾಡುವ ಕ್ಷಯ ಪರೀಕ್ಷೆ ಬಿಸಿಜಿಯಿಂದಲೂ ಪಾಸಿಟಿವ್ ಬರಬಹುದು. ರಕ್ತದ ಐಜಿಆರ್‌ಎ ಪರೀಕ್ಷೆಗೆ ಆ ಗೊಂದಲ ಇಲ್ಲ.

ಲಸಿಕೆಯಲ್ಲೂ ಕೆಲವು ಮತ್ತೆ ಬೀಳುತ್ತವೆ. ಇಲ್ಲಿ ಒಂಬತ್ತು ತಿಂಗಳಿಗೆ ಕೊಟ್ಟ ದಡಾರ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ವರ್ಷ ತುಂಬಿದ ಮೇಲೆ ಎಂಎಂಆರ್ ಕೊಡುತ್ತಾರೆ. 2016ರ ಏಪ್ರಿಲ್ ನಂತರ ಕೊಟ್ಟ ಬಾಯಿ ಹನಿಯ ಪೋಲಿಯೊಗೂ ಇದೇ ಗತಿ. ಕಾರ್ಡ್ ನಂಬುವ ಹಾಗಿಲ್ಲ ಅನಿಸಿದರೆ ಕೆಲವಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡುತ್ತಾರೆ, ಇಲ್ಲವೇ ಇನ್ನೊಮ್ಮೆ ಹಾಕಿಬಿಡುತ್ತಾರೆ. ಹೆಚ್ಚಿಗೆ ಒಂದು ಡೋಸ್ ಬಿದ್ದರೆ ಸಾಮಾನ್ಯವಾಗಿ ತೊಂದರೆ ಏನಿಲ್ಲ.

ಕ್ಷಯ, ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಗಳು ಆರು ತಿಂಗಳ ನಂತರ ಇನ್ನೊಂದು ಸಲ ಆಗಬೇಕು. ಹೊರಡುವ ಹೊತ್ತಿನಲ್ಲಿ ತಗುಲಿದ ಸೋಂಕು ಮೊದಲ ಸಲ ಕಾಣದೆ ಇರಬಹುದು. ಆ ಹೊತ್ತಿಗೆ ಮಗು ಗುಂಡುಗುಂಡಾಗಿ ಆಡಿಕೊಂಡಿರುತ್ತದೆ, ಡಾಕ್ಟರ ಕಚೇರಿಯೂ ನೆನಪಿಸದೆ ಇರಬಹುದು. ಅದಕ್ಕೇ ಮೊದಲ ಭೇಟಿ ಮುಗಿಸಿ ಹೊರಗೆ ಬರುವಾಗಲೇ ಆ ತಾರೀಕನ್ನೂ ಕೌಂಟರಿನಲ್ಲಿ ಬರೆಸಿಕೊಂಡು ಬನ್ನಿ.