ಒಂದು ಟ್ಯೂಬ್‌ಗೆ ಎರಡೂವರೆ ಸಾವಿರ: ಪುಣೆಯಲ್ಲಿ ಉಗಿ ಎಂಜಿನ್ ಓವರ್‌ಹಾಲ್ ಮಾಡಿಸಿದ ನನ್ನ ಅನುಭವ

ನಮ್ಮದು ದೊಡ್ಡ ಎಂಜಿನ್ ಅಲ್ಲ. ಎರಡು ಅಡಿ ಗೇಜ್, ನಾಲ್ಕು ಗಾಲಿ, ಸುಮಾರು 10 ಟನ್ ತೂಕ. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ವ್ಯಾಗನ್ ಎಳೆಯುತ್ತಿತ್ತು. ಮಾಡಿದ್ದು ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿ. 1907ರಲ್ಲಿ ಶುರುವಾದ ನೇರಳ್–ಮಾಥೆರಾನ್ ಪುಟಾಣಿ ರೈಲಿನ ಮೊದಲ ಎಂಜಿನ್‌ಗಳೂ ಅದೇ ಕಂಪನಿಯವು. ಕಬ್ಬು ಟ್ರ್ಯಾಕ್ಟರ್‌ನಲ್ಲಿ ಬರೋದಕ್ಕೆ ಶುರುವಾದ ಮೇಲೆ ಇದು ಕಾರ್ಖಾನೆ ಗೇಟಿನ ಪಕ್ಕ ಮಳೆಯಲ್ಲಿ ನಿಂತಿತ್ತು. ಗುಜರಿಗೆ ಹೋಗುವ ಮಾತು ಬಂದಾಗ ನಾವು 11 ಜನ ಸೇರಿ ಕೇಳಿ ಪಡೆದು, ಪುಣೆ ಹೊರಗಿನ ಗೆಳೆಯರೊಬ್ಬರ ತೋಟಕ್ಕೆ ತಂದೆವು. ನಮ್ಮಲ್ಲಿ ಆರು ಜನ ಕನ್ನಡದವರು. ನನ್ನ ತಂದೆ ಹುಬ್ಬಳ್ಳಿ ಲೋಕೋ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದರು. ನಾನು ಪಿಂಪ್ರಿಯಲ್ಲಿ 30 ವರ್ಷ ಮೆಂಟೆನೆನ್ಸ್ ಕೆಲಸ ಮಾಡಿದವನು. ಹಬೆಯ ಎಂಜಿನ್ ಮೇಲಿನ ಪ್ರೀತಿ ಮನೆಯಿಂದಲೇ ಬಂದದ್ದು.

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ಒಂದು ವರ್ಕ್‌ಶಾಪ್‌ನವರನ್ನು ಕರೆಸಿ ತೋರಿಸಿದೆವು. ಅವರು ಸುತ್ತ ಒಂದು ರೌಂಡ್ ಹಾಕಿ, ಬೆಂಕಿ ಉರಿಯುವ ಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್‌ನ ಬಾಗಿಲಲ್ಲಿ ಟಾರ್ಚ್ ಬಿಟ್ಟು ನೋಡಿ, ನಾಲ್ಕು ಲಕ್ಷ ಅಂದರು. ನಾವು ಅದನ್ನೇ ನಂಬಿ ಊರೆಲ್ಲ ಹೇಳಿಕೊಂಡು ದುಡ್ಡು ಎತ್ತಿದೆವು. ಆಮೇಲೆ ಬಾಯ್ಲರ್ ಬಿಚ್ಚಿದರೆ ಲೆಕ್ಕ ಏಳೂವರೆ ಲಕ್ಷಕ್ಕೆ ಹೋಯಿತು, ಅದೂ ಬರೀ ಬಾಯ್ಲರ್‌ಗೆ. ಕೊಟ್ಟವರ ಮುಂದೆ ಮತ್ತೆ ಹೋಗಿ ನಿಲ್ಲೋದು ತುಂಬಾ ಕಷ್ಟ. ಇಬ್ಬರು ನಮ್ಮ ಜೊತೆ ಮಾತು ಬಿಟ್ಟರು. ಅವರ ಕೋಪದಲ್ಲಿ ತಪ್ಪಿರಲಿಲ್ಲ.

ಹೊರಗಿನಿಂದ ನೋಡಿ ಯಾರೂ ಸರಿಯಾದ ಎಸ್ಟಿಮೇಟ್ ಕೊಡೋಕಾಗಲ್ಲ. ಮೊದಲು ಸಣ್ಣ ದುಡ್ಡು ಎತ್ತಿ. ಅದರಲ್ಲಿ ಬಾಯ್ಲರ್ ಇಳಿಸಿ, ಬೆಂಕಿಯ ಬಿಸಿ ಹೊಗೆ ಹಾದುಹೋಗುವ ಟ್ಯೂಬ್‌ಗಳನ್ನು ತೆಗೆದು, ಅಳತೆ ಮಾಡಿಸಿ, ಅಷ್ಟೇ. ದೊಡ್ಡ ದುಡ್ಡಿನ ಮಾತು ಅಳತೆ ಕೈಗೆ ಬಂದ ಮೇಲೆ. ನಮಗೆ ಹೈಡ್ರಾ ಕ್ರೇನ್, ವರ್ಕ್‌ಶಾಪ್ ಇರುವ ಭೋಸರಿವರೆಗೆ ಲಾರಿ, ಟ್ಯೂಬ್ ಕತ್ತರಿಸುವ ಕೂಲಿ, ಅಲ್ಟ್ರಾಸೋನಿಕ್ ಗೇಜ್‌ನಲ್ಲಿ ದಪ್ಪ ಅಳೆಯೋದು, ಎಲ್ಲ ಸೇರಿ 90,000 ರೂಪಾಯಿ ಆಯಿತು. ಅಷ್ಟನ್ನು ನಾವು 11 ಜನರೇ ಹಾಕಿಕೊಳ್ಳಬಹುದಿತ್ತು.

ಬಾಯ್ಲರ್ ಮೇಲಿನ ತಗಡಿನ ಕೆಳಗೆ ಹಳೇ ಹೊದಿಕೆ ಇರುತ್ತದೆ. ಅದು ಆಸ್‌ಬೆಸ್ಟಾಸ್ ಆಗಿರುವ ಸಾಧ್ಯತೆ ಜಾಸ್ತಿ. ಸುಮ್ನೆ ಕೈಯಿಂದ ಕೀಳಬೇಡಿ. ನೀರು ಹಾಕಿ ಒದ್ದೆ ಮಾಡಿ, ಆ ಕೆಲಸ ಗೊತ್ತಿರುವವರಿಂದ ಸರಿಯಾದ ಮಾಸ್ಕ್ ಹಾಕಿಸಿ ತೆಗೆಸಿ. ಖರ್ಚು ಬರುತ್ತೆ, ಆದರೂ ಇಲ್ಲಿ ಉಳಿತಾಯ ಬೇಡ.

ಒಳಗೆ ಏನು ಸಿಕ್ಕಿತು ಅಂದರೆ, ಫೈರ್‌ಬಾಕ್ಸ್‌ನ ಕೆಳಗಿನ ಅಂಚು, ಅದರ ಒಳ, ಹೊರ ಗೋಡೆಗಳನ್ನು ತಳದಲ್ಲಿ ಸೇರಿಸುವ ಫೌಂಡೇಶನ್ ರಿಂಗ್‌ನ ಸ್ವಲ್ಪ ಮೇಲೆ, 10 ಮಿಮೀ ಇರಬೇಕಾದ ಪ್ಲೇಟ್ ಕೆಲವು ಕಡೆ 6ಕ್ಕೆ ಇಳಿದಿತ್ತು. ನೀರಿನ ಕೆಸರೆಲ್ಲ ಬಂದು ಕೂರೋದು ಅಲ್ಲೇ. ವಾಶ್‌ಔಟ್, ಅಂದರೆ ಒಳಗಿನ ಕೆಸರು ತೊಳೆಯೋದು, ಸರಿಯಾಗಿ ಮಾಡದ ಬಾಯ್ಲರ್ ಅಲ್ಲೇ ಸವೆಯುತ್ತದೆ. ಇನ್ನು ಸ್ಟೇಗಳು. ಫೈರ್‌ಬಾಕ್ಸ್‌ನ ಒಳ ಪೆಟ್ಟಿಗೆ, ಹೊರ ಪೆಟ್ಟಿಗೆ ಎರಡನ್ನೂ ಹಿಡಿದಿಡುವ ಕಂಬಿಗಳವು. ಸುತ್ತಿಗೆಯಲ್ಲಿ ಒಂದೊಂದನ್ನೇ ಬಡಿದು ಕೇಳಬೇಕು. ಗಟ್ಟಿ ಇರುವ ಸ್ಟೇ ಗಂಟೆಯ ಹಾಗೆ ನುಡಿಯುತ್ತೆ, ಮುರಿದದ್ದು ಒಡೆದ ಮಡಕೆ ತಟ್ಟಿದ ಹಾಗೆ. ಹುಬ್ಬಳ್ಳಿಯಲ್ಲಿ ಅಪ್ಪ ಹೀಗೆ ಕಿವಿಗೊಟ್ಟು ಕೇಳೋದನ್ನು ಚಿಕ್ಕವನಾಗಿದ್ದಾಗ ನೋಡಿದ್ದೆ. ನಮ್ಮಲ್ಲಿ 31 ಸ್ಟೇ ಬದಲಾಯಿಸಬೇಕಿತ್ತು. 64 ಟ್ಯೂಬ್‌ಗಳೂ ಹೊಸದಾಗಬೇಕಿತ್ತು.

ಈ ಲೆಕ್ಕ ಕೈಗೆ ಬಂದ ಮೇಲೆ ದುಡ್ಡು ಕೇಳುವ ರೀತಿಯೇ ಬದಲಾಯಿತು. ‘ಎಂಜಿನ್ ಉಳಿಸಿ’ ಅಂದರೆ ಜನ ತಲೆಯಾಡಿಸಿ ಹೋಗುತ್ತಾರೆ. ‘ಒಂದು ಟ್ಯೂಬ್‌ಗೆ 2,500 ರೂಪಾಯಿ, ಇನ್ನೂ 38 ಬಾಕಿ’ ಅಂದರೆ ನಿಂತು ಕೇಳುತ್ತಾರೆ. ಟ್ಯೂಬಿನ ಬೆಲೆ, ಕೂಲಿ, ತೆರಿಗೆ ಎಲ್ಲ ಸೇರಿಸಿ ಹಾಕಿದ ದರ ಅದು. ಒಂದು ಹಾಳೆಯಲ್ಲಿ ಟ್ಯೂಬ್‌ಗಳ ತುದಿ ಕೂರುವ ಟ್ಯೂಬ್ ಪ್ಲೇಟಿನ ಚಿತ್ರ ಬರೆದು, 64 ತೂತಿಗೂ ನಂಬರ್ ಕೊಟ್ಟು, ಕೊಟ್ಟವರ ಹೆಸರು ಅದರಲ್ಲಿ ಬರೆಯುತ್ತಾ ಹೋದೆವು. ರಾಜ್ಯೋತ್ಸವದ ಊಟದ ದಿನ ಆ ಹಾಳೆ ಹಿಡಿದು ಪುಣೆಯ ಕನ್ನಡದವರ ಮಧ್ಯೆ ಓಡಾಡಿದೆ. ಒಂದೇ ಮಧ್ಯಾಹ್ನ 17 ಟ್ಯೂಬ್ ಆಯಿತು. ಒಬ್ಬ ಅಜ್ಜಿ ತಮ್ಮ ಮೂವರು ಮೊಮ್ಮಕ್ಕಳಿಗೆ ಅಕ್ಕಪಕ್ಕದ ಮೂರು ತೂತನ್ನೇ ಕೇಳಿ ತೆಗೆದುಕೊಂಡರು.

ಉಡುಪಿ ಹೋಟೆಲ್ ನಡೆಸುವ ಶೆಟ್ರೊಬ್ಬರು ಹಾಳೆ ನೋಡಿ, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಎಲ್ಲಿ ಅಂತ ಕೇಳಿದರು. ‘ಇಡ್ಲಿ ಬಾಯ್ಲರಿನಲ್ಲಿ ನೀರು ಕಮ್ಮಿ ಆದ್ರೆ ಏನಾಗ್ತದೆ ಅಂತ ನನಗೆ ಗೊತ್ತುಂಟು ಮಾರಾಯ್ರೇ. ಆ ಗ್ಲಾಸ್ ಎರಡೂ ನನ್ನ ಲೆಕ್ಕಕ್ಕೆ ಬರೆಯಿರಿ’ ಅಂದರು. ಎಂಜಿನ್‌ನಲ್ಲೂ ಅದೇ ಭಯ. ಫೈರ್‌ಬಾಕ್ಸ್ ನೆತ್ತಿ ಮುಚ್ಚುವಷ್ಟು ನೀರು ಇಲ್ಲದೆ ಹೋದರೆ ಆ ನೆತ್ತಿ ಕೆಂಪಗೆ ಕಾದು ಕುಸಿಯುತ್ತದೆ. ಅದಕ್ಕೇ ಅಲ್ಲಿ ಸೀಸ ತುಂಬಿದ ಫ್ಯೂಸಿಬಲ್ ಪ್ಲಗ್ ಇರೋದು. ನೀರು ಹೋದರೆ ಸೀಸ ಕರಗಿ ಹಬೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಶೆಟ್ರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಪ್ಲಗ್ ದುಡ್ಡನ್ನೂ ಅವರೇ ಕೊಟ್ಟರು.

ದುಡ್ಡು ಯಾರದೇ ಸ್ವಂತ ಖಾತೆಗೆ ಬರಬಾರದು. ನಾವು ಚಾರಿಟಿ ಕಮಿಷನರ್ ಕಚೇರಿಯಲ್ಲಿ ಪಬ್ಲಿಕ್ ಟ್ರಸ್ಟ್ ನೋಂದಣಿ ಮಾಡಿಸಿ, ಆಮೇಲೆ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ತೆಗೆದುಕೊಂಡೆವು. 80ಜಿಯಲ್ಲಿ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ ವಿನಾಯಿತಿ ಸಿಗಲ್ಲ. ಹಾಗಾಗಿ ಟ್ಯೂಬ್ ದುಡ್ಡೆಲ್ಲ ಬ್ಯಾಂಕಿಗೇ ಬಂತು, ಲೆಕ್ಕವೂ ಸುಲಭವಾಯಿತು. ಆದರೆ 80ಜಿ ಒಂದನ್ನೇ ನಂಬಬೇಡಿ. ಸಂಬಳದವರಲ್ಲಿ ತುಂಬಾ ಜನ ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅವರಿಗೆ ಆ ವಿನಾಯಿತಿಯೇ ಇಲ್ಲ. ಇಂಗ್ಲೆಂಡಿನ ಇಬ್ಬರು ಕಳಿಸುತ್ತೇವೆ ಅಂದಾಗ ಬೇಡ ಅನ್ನಬೇಕಾಯಿತು, ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ಕೆಳಗೆ ನೋಂದಣಿ ಇಲ್ಲದೆ ವಿದೇಶಿಯರ ದುಡ್ಡು ಮುಟ್ಟುವ ಹಾಗಿಲ್ಲ. ದುಬೈನಲ್ಲಿರುವ ನನ್ನ ಸೋದರಮಾವನ ಮಗನದು ಭಾರತದ ಪಾಸ್‌ಪೋರ್ಟ್, ಕೊಟ್ಟದ್ದು ಸ್ವಂತ ಉಳಿತಾಯ, ಅದಕ್ಕೆ ತೊಂದರೆ ಇರಲಿಲ್ಲ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ದುಡ್ಡು ಬೇಕಿದ್ದರೆ ಏಪ್ರಿಲ್–ಮೇನಲ್ಲಿ ಹೋಗಿ ಮಾತಾಡಿ. ಫೆಬ್ರವರಿಯಲ್ಲಿ ಹೋದರೆ ಆ ವರ್ಷದ ದುಡ್ಡು ಹಂಚಿ ಮುಗಿದಿರುತ್ತದೆ. ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್‌ನಲ್ಲಿ ಪರಂಪರೆಯ ರಕ್ಷಣೆ ಅಂತ ಒಂದು ಬಾಬತ್ತು ಇದೆ, ನಾವು ಅದನ್ನು ಹಿಡಿದೆವು. ಸಾರ್ವಜನಿಕರಿಗೆ ಏನು ಉಪಯೋಗ ಅಂತ ಕೇಳಿದರು. ಶಾಲೆ ಮಕ್ಕಳಿಗೆ ತಿಂಗಳಿಗೆ ಎರಡು ದಿನ ಉಚಿತ ಅಂತ ಬರೆದುಕೊಟ್ಟೆವು. ಏಳು ತಿಂಗಳು ಹಿಡಿಯಿತು, ಮೂರು ಲಕ್ಷ ಬಂತು.

ಇನ್ನು ಇಲಾಖೆ. ರೈಲ್ವೆಯ ಬಾಯ್ಲರ್ ಅಲ್ಲದ ಕಾರಣ ನಮ್ಮದು ರಾಜ್ಯದ ಬಾಯ್ಲರ್ ಇಲಾಖೆಯ ಕೆಳಗೆ ಬರುತ್ತದೆ. ಆಗ ಇದ್ದದ್ದು 1923ರ ಬಾಯ್ಲರ್ ಕಾಯ್ದೆ, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. ರಿಪೇರಿಗೆ ಮೊದಲೇ ಡ್ರಾಯಿಂಗ್ ಕೊಟ್ಟು ಒಪ್ಪಿಗೆ ಪಡೆಯಬೇಕು. ಪ್ಲೇಟ್, ಟ್ಯೂಬ್ ಎಲ್ಲಕ್ಕೂ ಐಬಿಆರ್ (ಭಾರತದ ಬಾಯ್ಲರ್ ನಿಯಮಾವಳಿ) ಸರ್ಟಿಫಿಕೇಟ್ ಇರಬೇಕು. ವೆಲ್ಡರ್ ಕೂಡ ಐಬಿಆರ್ ಪಾಸಾದವನೇ ಆಗಬೇಕು. ನಮ್ಮಲ್ಲೊಬ್ಬರು ಸರ್ಟಿಫಿಕೇಟ್ ಇಲ್ಲದ ಟ್ಯೂಬ್ ಅರ್ಧ ಬೆಲೆಗೆ ನೋಡಿಬಂದಿದ್ದರು. ನಾನು ಒಪ್ಪಲಿಲ್ಲ. ಆ ಎಂಜಿನ್ ಪಕ್ಕ ಮಕ್ಕಳು ನಿಲ್ಲುತ್ತಾರೆ, ಅಲ್ವಾ?

ಸವೆದ ಪಟ್ಟಿಯನ್ನು ಕತ್ತರಿಸಿ ತೆಗೆದು ಹೊಸ ಪ್ಲೇಟ್ ಬೆಸೆದರು, ಬೆಸುಗೆಗೆ ಎಕ್ಸ್‌ರೇ ಮಾಡಿಸಿದರು. ನಡುವೆ ಮಳೆಗಾಲ ಪೂರ್ತಿ ಕೆಲಸ ನಿಂತಿತ್ತು, ವರ್ಕ್‌ಶಾಪ್‌ಗೆ ದೊಡ್ಡ ಆರ್ಡರ್ ಬಂದಿತ್ತು. ಮುಂಗಡವನ್ನು ಒಂದೇ ಸಲ ಕೊಟ್ಟದ್ದು ನಮ್ಮ ತಪ್ಪು. ಸ್ಟೇ ಮುಗಿದಾಗ ಇಷ್ಟು, ಟ್ಯೂಬ್ ಮುಗಿದಾಗ ಇಷ್ಟು ಅಂತ ಕಂತು ಮಾಡಿ.

ನೀರಿನ ಪರೀಕ್ಷೆಯ ದಿನ ಎಲ್ಲರೂ ಬಂದಿದ್ದರು. ಕೆಲಸದ ಒತ್ತಡ ಚದರ ಸೆಂಟಿಮೀಟರ್‌ಗೆ 12 ಕೆಜಿ, ಪರೀಕ್ಷೆ ಒಂದೂವರೆ ಪಟ್ಟು, ಅಂದರೆ 18. ಬಾಯ್ಲರ್ ತುಂಬಾ ನೀರು ತುಂಬಿ, ಗಾಳಿ ಪೂರ್ತಿ ಹೊರಹಾಕಿ, ಕೈ ಪಂಪ್‌ನಲ್ಲಿ ಏರಿಸುತ್ತಾ ಹೋದರು. ಗಾಳಿ ಉಳಿದರೆ ಅಪಾಯ. ನೀರು ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಸೋತರೂ ಬರೀ ಸೋರುತ್ತದೆ, ಸಿಡಿಯುವುದಿಲ್ಲ. 15ಕ್ಕೆ ಬಂದಾಗ ಎರಡು ಟ್ಯೂಬ್‌ಗಳ ಬಾಯಲ್ಲಿ ಹನಿ ಕಂಡಿತು. ಇಳಿಸಿ, ಟ್ಯೂಬಿನ ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಮತ್ತೆ ಹಾಕಿ ಬಿಗಿದು, ಎರಡು ದಿನ ಬಿಟ್ಟು ಮತ್ತೆ ಏರಿಸಿದರು. 18ರಲ್ಲಿ ಮುಳ್ಳು ಅಲುಗಾಡಲಿಲ್ಲ. ಇನ್‌ಸ್ಪೆಕ್ಟರ್ ಬೆರಳಿನಿಂದ ಒಂದೊಂದು ಜೋಡಣೆಯನ್ನೂ ಸವರಿ ನೋಡಿದರು.

ಮೊದಲ ಬೆಂಕಿ ಹಾಕಿದ್ದು ಜನವರಿಯ ಒಂದು ಬೆಳಿಗ್ಗೆ ಐದಕ್ಕೆ. ಸೌದೆಯ ಸಣ್ಣ ಉರಿ, ಆರು ಗಂಟೆ ಕಾಲ. ಅವಸರ ಮಾಡಿದರೆ ಒಂದು ಕಡೆ ಹಿಗ್ಗಿ ಒಂದು ಕಡೆ ಹಿಗ್ಗದೆ ಸ್ಟೇಗಳೆಲ್ಲ ಸೋರುತ್ತವೆ. ಹನ್ನೊಂದು ಗಂಟೆ ದಾಟಿದ ಮೇಲೆ, ಒತ್ತಡ ಸರಿಯಾಗಿ 12 ಕೆಜಿಗೆ ಬಂದಾಗ ಸೇಫ್ಟಿ ವಾಲ್ವ್ ಎದ್ದಿತು. ಶೆಟ್ರು ಗೇಜ್ ಗ್ಲಾಸ್ ಮುಂದಿನಿಂದ ಕದಲಲೇ ಇಲ್ಲ.

ಬಾಯ್ಲರ್ ನಡೆಸಲು ಇಲಾಖೆ ಕೊಡುವ ಸರ್ಟಿಫಿಕೇಟ್ ಇರೋದು ಒಂದು ವರ್ಷಕ್ಕೆ. ಅದಕ್ಕೇ ಬರುವ ದುಡ್ಡಿನಲ್ಲಿ ಒಂದು ಪಾಲನ್ನು ಮುಂದಿನ ಪರೀಕ್ಷೆಗೆ, ಮುಂದಿನ ಟ್ಯೂಬ್‌ಗಳಿಗೆ ಬೇರೆ ಖಾತೆಯಲ್ಲಿ ಇಡುತ್ತಿದ್ದೇವೆ. ಆ್ಯಕ್ಸಲ್ ಬಾಕ್ಸ್‌ನ ಗನ್‌ಮೆಟಲ್ ಬೇರಿಂಗ್ ನಾಲ್ಕೂ ಈ ಚಳಿಗಾಲದಲ್ಲಿ ಹೊಸದಾಗಬೇಕು. ಹೊಸ ಹಾಳೆಯಲ್ಲಿ ನಾಲ್ಕು ಚೌಕ ಬರೆದಿದ್ದೇನೆ. ಎರಡರಲ್ಲಿ ಹೆಸರು ಬಿದ್ದಿದೆ.